ಭಂಡಾರ ಹಚ್ಚಿದ ಒಂಬತ್ತು ಕಾಗದ

2025ರ ಜುಲೈ 14, ಸೋಮವಾರ. ಬಸವಕಲ್ಯಾಣದ ತ್ರಿಪುರಾಂತದಲ್ಲಿರುವ ಒಂದು ಖಾಸಗಿ ಶಾಲೆಯ ಅಂಗಳದಲ್ಲಿ ಮಕ್ಕಳು ಸಾಲಾಗಿ ನಿಂತು ಬೆಳಗಿನ ಪ್ರಾರ್ಥನೆ ಹೇಳುತ್ತಿದ್ದರು. ಒಂದನೆಯ ತರಗತಿಯ ಪೂನಮ ದಡಾರ ಬಂದು ಹೈದರಾಬಾದಿನ ಆಸ್ಪತ್ರೆಯಲ್ಲಿ ತೀರಿಕೊಂಡಳೆಂಬ ಸುದ್ದಿ ಆ ಹೊತ್ತಿಗೆ ಮುಖ್ಯೋಪಾಧ್ಯಾಯಿನಿ ಮಲಿಕಾ ಅವರ ಫೋನಿಗೆ ಬಂತು. ಅವರು ಪ್ರಾರ್ಥನೆಯನ್ನು ಅರ್ಧಕ್ಕೇ ನಿಲ್ಲಿಸಿ ಮಕ್ಕಳನ್ನು ಮನೆಗೆ ಕಳುಹಿಸಿದರು. ಮಕ್ಕಳ ಜೊತೆ ಸುದ್ದಿಯೂ ಓಣಿ ಓಣಿಗೆ ಹೋಯಿತು. ಹೋಗುತ್ತ ಹೋಗುತ್ತ ಅದಕ್ಕೆ ಇನ್ನೊಂದು ಮಾತು ಅಂಟಿಕೊಂಡಿತು: ಅವಳು ಸೂಜಿ ಹಾಕಿಸದ ಹುಡುಗಿ, ಶಾಲೆಗೆ ಬೇನೆ ತಂದವಳೂ ಅವಳೇ.

ಜುಲೈ 17, ಗುರುವಾರ, ಬೆಳಿಗ್ಗೆ 11 ಗಂಟೆ 20 ನಿಮಿಷಕ್ಕೆ ಪೂನಮಳ ತಂದೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ. ಮುಂದಿನ ಮೇಜಿನಲ್ಲಿ ಎಎಸ್ಐ ಮಡೆಪ್ಪ ಕುಳಿತಿದ್ದರು. ಅವರ ನಿವೃತ್ತಿಗೆ ಇನ್ನು ಐದು ತಿಂಗಳಿತ್ತು. ಚೈತ್ರದಲ್ಲಿ ಹೆಂಡತಿ ತೀರಿಕೊಂಡ ಮೇಲೆ ಅವರು ರಜೆ ಕೇಳುವುದನ್ನೇ ಬಿಟ್ಟಿದ್ದರು. ನಸುಕಿನಲ್ಲಿ ಸ್ನಾನ, ಲಿಂಗಪೂಜೆ, ಹಣೆಗೆ ವಿಭೂತಿ; ಅದು ಮುಗಿದರೆ ಕ್ವಾರ್ಟರ್ಸಿನಲ್ಲಿ ಮಾತಾಡಿಸುವವರು ಯಾರೂ ಇರಲಿಲ್ಲ. ಠಾಣೆಯಲ್ಲಿ ಜಗಳ ತಂದವರಾದರೂ ಮಾತಾಡುತ್ತಿದ್ದರು.

"ಹೆಸರು?"

"ಅಂಬರೀಷರಿ. ಸಸ್ತಾಪುರ ಬಂಗ್ಲಾದಾಗ ಪಂಕ್ಚರ್ ಅಂಗಡಿ ಅದ."

"ಯಾರ ಮ್ಯಾಲೆ ದೂರು?"

"ಅದೇ ಗೊತ್ತಿಲ್ರಿ. ನೀವು ಹುಡುಕಿ ಬರ್ಕೋರಿ."

ಮಡೆಪ್ಪ ಪೆನ್ನು ಕೆಳಗಿಟ್ಟು ಅವನ ಮುಖ ನೋಡಿದರು. ಮೂರು ದಿನ ಗಡ್ಡ ಮಾಡದ, ನೀರು ಮುಟ್ಟದ ಮುಖ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರ ತುಂಬ ಆಸ್ಪತ್ರೆಯ ಕಾಗದ. ಅವನನ್ನು ಕೂಡ್ರಿಸಿ, ನೀರು ಕೊಟ್ಟು, ಇನ್‌ಸ್ಪೆಕ್ಟರ್ ಶಂಶುದ್ದೀನರ ಕೋಣೆಗೆ ಕರೆದುಕೊಂಡು ಹೋದರು.

ಅಂಬರೀಷ ಹೇಳಿದ್ದು ಇಷ್ಟು. ನಾಲ್ಕನೆಯ ವಯಸ್ಸಿಗೆ ಪೂನಮಳಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ಹೈದರಾಬಾದಿನಲ್ಲಿ ಚಿಕಿತ್ಸೆ ನಡೆಯಿತು. ಕೂದಲು ಹೋಗಿ, ಮತ್ತೆ ಬಂದವು. ಕೂಸಿದ್ದಾಗ ಹಾಕಿಸಿದ ದಡಾರದ ಲಸಿಕೆಯ ಬಲ ಹೋಗಿದೆ, ಚಿಕಿತ್ಸೆ ಮುಗಿಯುವ ತನಕ ಅದನ್ನು ಮತ್ತೆ ಕೊಡುವ ಹಾಗಿಲ್ಲ, ಉಳಿದ ಮಕ್ಕಳೆಲ್ಲ ಲಸಿಕೆ ಹಾಕಿಸಿಕೊಂಡಿರುವ ಶಾಲೆಯಾದರೆ ಮಾತ್ರ ಕಳುಹಿಸಿರಿ ಎಂದು ವೈದ್ಯರು ಪತ್ರ ಬರೆದುಕೊಟ್ಟರು. ಹೋದ ವರ್ಷ ಅಂಬರೀಷ ಆ ಪತ್ರ ಹಿಡಿದು ಶಾಲೆಯ ಆಡಳಿತ ಮಂಡಳಿಯ ಮುಂದೆ ಕೈಮುಗಿದ. ಮಂಡಳಿಯವರು ಒಳ್ಳೆಯವರು, ನಿಯಮ ಮಾಡಿದರು: ಲಸಿಕೆಯ ಗುರುತಿರುವ ತಾಯಿ ಕಾರ್ಡ್ ತೋರಿಸದೆ ಯಾವ ಮಗುವಿಗೂ ಪ್ರವೇಶವಿಲ್ಲ, ಲಸಿಕೆ ಕೊಡಬಾರದ ಕಾರಣವಿದ್ದರೆ ವೈದ್ಯರ ವಿನಾಯಿತಿ ಪತ್ರ ತರಬೇಕು.

"ನನ್ನ ಮಗಳ ಸಲುವಾಗಿ ಮಾಡಿದ ನಿಯಮರಿ ಅದು," ಎಂದ ಅಂಬರೀಷ. "ಈಗ ಆರೋಗ್ಯ ಇಲಾಖೆಯವ್ರು ಬಂದು ಮನಿ ಮನಿ ತಿರುಗಿ ನೋಡಿದ್ರು. ಪೂನಮಗ ಜ್ವರ ಬರೂಕಿಂತ ಹತ್ತು ಹನ್ನೆರಡು ದಿನ ಮೊದಲೇ ಆಕಿ ಕ್ಲಾಸಿನ ಮೂರು ಹುಡುಗರಿಗೆ ಗೊಬ್ಬರ ಎದ್ದಿತ್ತಂತ. ಮೂವರಿಗೂ ಸೂಜಿ ಆಗಿಲ್ಲ. ನಿಯಮ ಇದ್ದಾಗ ಅವ್ರು ಹ್ಯಾಂಗ ಒಳಗ ಬಂದ್ರು?"

ದಡಾರಕ್ಕೆ ಆ ಭಾಗದ ಜನ ಗೊಬ್ಬರ ಎನ್ನುತ್ತಾರೆ. ಶಂಶುದ್ದೀನರು ಚೀಲದ ಕಾಗದಗಳನ್ನು ಒಂದೊಂದಾಗಿ ತಿರುವಿದರು.

"ಬೇನಿಗೆ ಎಫ್ಐಆರ್ ಹಾಕಾಕ ಬರೂದಿಲ್ಲ ತಮ್ಮಾ. ನಿನಗ ಏನು ಬೇಕು? ಪರಿಹಾರ?"

"ರೊಕ್ಕ ಬ್ಯಾಡ್ರಿ ಸಾಹೇಬ್ರ. ಬೇನೆ ನನ್ನ ಮಗಳೇ ತಂದ್ಳಂತ ಓಣಿ ಮಂದಿ ಅನ್ನಾಕತ್ತಾರ. ಮಣ್ಣಿಗೆ ಬಂದವ್ರು ದೂರ ನಿಂತು ಹೋದ್ರು. ನನ್ನ ಹೆಂಡ್ತಿ ದ್ರೌಪತಿ ನಳಕ್ಕ ಹೋದ್ರ ಉಳಿದವ್ರು ಕೊಡ ಹಿಂದಕ್ಕ ತಗೋತಾರ. ನನ್ನ ಮಗಳು ತಂದಿಲ್ಲಂತ ನೀವು ಬರ್ದು ಕೊಡ್ರಿ. ಅಷ್ಟೇ ಸಾಕು."

ಇನ್‌ಸ್ಪೆಕ್ಟರು ಮಡೆಪ್ಪನವರ ಕಡೆ ನೋಡಿದರು. ಮಡೆಪ್ಪ ಒಂದೇ ಮಾತು ಹೇಳಿದರು: "ಬೇನಿಗೆ ಎಫ್ಐಆರ್ ಇಲ್ರಿ ಸಾಹೇಬ್ರ. ಸುಳ್ಳು ಕಾಗದಕ್ಕ ಅದ."

ಮಧ್ಯಾಹ್ನ 12 ಗಂಟೆ 45 ನಿಮಿಷಕ್ಕೆ ಎಫ್ಐಆರ್ ಸಂಖ್ಯೆ 118/2025 ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆಯ ಕಲಂ 336, 340 ಮತ್ತು 271: ಖೊಟ್ಟಿ ದಾಖಲೆ ಸೃಷ್ಟಿಸಿದ್ದು, ಅದನ್ನು ನಿಜವೆಂದು ಬಳಸಿದ್ದು, ಸೋಂಕು ಹರಡುವಂಥ ನಿರ್ಲಕ್ಷ್ಯ. ಆರೋಪಿಯ ಹೆಸರಿನ ಜಾಗದಲ್ಲಿ 'ಅಪರಿಚಿತ' ಎಂದು ಬರೆದರು.

ಮರುದಿನ ಶುಕ್ರವಾರ ಮಡೆಪ್ಪ ಮತ್ತು ಮಹಿಳಾ ಕಾನ್‌ಸ್ಟೆಬಲ್ ಸರ್ವರಿ ಶಾಲೆಗೆ ಹೋದರು. ಮಲಿಕಾ ಬೀರುವಿನ ಬೀಗ ತೆಗೆದು ಒಂದು ಫೈಲು ತಂದಿಟ್ಟರು. ಅದರಲ್ಲಿ ಹತ್ತು ವಿನಾಯಿತಿ ಪತ್ರಗಳಿದ್ದವು. ಮೊದಲನೆಯದು ಪೂನಮಳದು. ಉಳಿದ ಒಂಬತ್ತೂ ಹುಮನಾಬಾದಿನ ಡಾ. ಹಣಮಶೆಟ್ಟಿ ಎಂಬ ಒಬ್ಬರೇ ವೈದ್ಯರ ಲೆಟರ್‌ಹೆಡ್ಡಿನ ಮೇಲಿದ್ದವು. ಕೆಳಗೆ ದುಂಡನೆಯ ಮೊಹರು. ಕಾರಣವೂ ಎಲ್ಲದರಲ್ಲಿ ಒಂದೇ: ಹಿಂದೆ ಸೂಜಿ ಕೊಟ್ಟಾಗ ಮಗುವಿಗೆ ಫಿಟ್ಸ್ ಬಂದಿದೆ, ಮತ್ತೆ ಕೊಡಬಾರದು.

"ಒಂಬತ್ತು ಮಕ್ಕಳಿಗೂ ಫಿಟ್ಸ್?" ಎಂದು ಸರ್ವರಿ ಕೇಳಿದಳು. "ನಿಮಗ ಸಂಶಯ ಬರಲಿಲ್ಲೇನ್ರಿ ಮೇಡಂ?"

ಮಲಿಕಾ ತಲೆ ತಗ್ಗಿಸಿದರು. "ಒಂದೊಂದೇ ಬಂದವಲ್ರಿ. ಒಂದು ಜೂನಿನಾಗ, ಎರಡು ಜುಲೈದಾಗ. ಮೊಹರು ನೋಡಿ ಫೈಲಿಗೆ ಹಾಕಿದೆ. ಹತ್ತೂ ಕೂಡಿಸಿ ಇವತ್ತೇ ನೋಡಾಕತ್ತೇನಿ."

ಪಂಚರಿಬ್ಬರನ್ನು ಕರೆಸಿ ಜಪ್ತಿ ಪಂಚನಾಮೆ ಬರೆಯುತ್ತಿದ್ದಾಗ ಮಡೆಪ್ಪನವರ ಬಿಳಿ ಕರವಸ್ತ್ರಕ್ಕೆ ಹಳದಿ ಬಣ್ಣ ಹತ್ತಿತು. ಅವರು ಕಾಗದವನ್ನು ಬೆಳಕಿಗೆ ಹಿಡಿದರು. ಕಾಗದದ ನೆತ್ತಿಯ ಮೇಲೆ, ಮಡಿಕೆಯ ಒಳಗೆ, ಬೆರಳಿನಷ್ಟು ಅಗಲದ ಹಳದಿ ಕಲೆ. ಇನ್ನೂ ಪುಡಿ ಉದುರುತ್ತಿತ್ತು. ಎರಡನೆಯದನ್ನು ತೆಗೆದರು, ಮೂರನೆಯದನ್ನು ತೆಗೆದರು. ಒಂಬತ್ತರಲ್ಲೂ ಅದೇ ಜಾಗದಲ್ಲಿ ಅದೇ ಕಲೆ. ಪೂನಮಳ ಪತ್ರ ಮಾತ್ರ ಬೆಳ್ಳಗಿತ್ತು.

"ಹಳೇ ಕಾಗದ ಕಾಕಾ, ಹಳದಿ ಆಗ್ತಾವ," ಎಂದಳು ಸರ್ವರಿ.

"ಹಳೇ ಕಾಗದದ ಹಳದಿ ಕರ್ಚೀಪಿಗೆ ಹತ್ತೂದಿಲ್ಲವ್ವ."

ಸರ್ವರಿ ಕರವಸ್ತ್ರ ಇಸಿದುಕೊಂಡು ನಳದ ಹತ್ತಿರ ಹೋಗಿ ಸಾಬೂನು ಹಚ್ಚಿ ತಿಕ್ಕಿದಳು. ಹಳದಿ ಕೆಂಪಾಯಿತು. ಅವಳು ನಗುತ್ತ ಹಿಂದಿರುಗಿದಳು. "ಅರಿಶಿಣ ಕಾಕಾ. ಒಗೆಯೋ ಹೆಣ್ಮಕ್ಳಿಗೆ ಇದನ್ನ ಯಾರೂ ಕಲಿಸೋದು ಬ್ಯಾಡ. ನಿಮ್ಮ ಕರ್ಚೀಪ್ ಮಾತ್ರ ಹೋತು."

ಮಡೆಪ್ಪನವರು ಆ ಕೆಂಪು ಕಲೆಯನ್ನೇ ನೋಡುತ್ತ ನಿಂತರು. ತಮ್ಮ ಅಂಗಿಗೆ ಅರಿಶಿಣ ತಾಗಿದಾಗ ಹೆಂಡತಿ ಇದೇ ಮಾತು ಹೇಳಿ ಬೈಯುತ್ತಿದ್ದಳು. ಆ ನೆನಪನ್ನು ಮಡಚಿ ಕರವಸ್ತ್ರದ ಜೊತೆ ಜೇಬಿಗೆ ಹಾಕಿಕೊಂಡರು.

ಕಾಗದದ ನೆತ್ತಿಗೆ ಅರಿಶಿಣ ಹಚ್ಚುವವರು ಅಲ್ಲಿ ಬಹಳ ಜನ. ಮೈಲಾರ ಮಲ್ಲಣ್ಣನಿಗೆ ನಡೆದುಕೊಳ್ಳುವವರು ಅದನ್ನು ಭಂಡಾರ ಎನ್ನುತ್ತಾರೆ; ಹೊಸ ಲೆಕ್ಕದ ಪುಸ್ತಕಕ್ಕೆ, ಮದುವೆಯ ಪತ್ರಿಕೆಗೆ, ಹೊಲದ ಖರೀದಿ ಪತ್ರಕ್ಕೆ ಮೊದಲು ಭಂಡಾರ, ಆಮೇಲೆ ಉಳಿದದ್ದು. ಮಕ್ಕಳ ತಾಯಂದಿರೇ ಹಚ್ಚಿರಬಹುದಿತ್ತು. ಆದರೆ ಆ ಒಂಬತ್ತರಲ್ಲಿ ಒಂದು ಅಲ್ಮಾಸ್ ಎಂಬ ಹುಡುಗಿಯದು. ದರ್ಜಿ ನಬೀಸಾಬನ ಮಗಳು. ನಬೀಸಾಬನ ಮನೆಯಲ್ಲಿ ಕಾಗದಕ್ಕೆ ಭಂಡಾರ ಹಚ್ಚುವವರು ಯಾರಿದ್ದಾರೆ? ಅಂದಮೇಲೆ ಹಚ್ಚಿದ್ದು ತಂದವರ ಕೈಯಲ್ಲ, ಕೊಟ್ಟವರ ಕೈ.

ಜುಲೈ 19, ಶನಿವಾರ, ಬೆಳಿಗ್ಗೆ 10 ಗಂಟೆಗೆ ನಬೀಸಾಬನನ್ನು ಠಾಣೆಗೆ ಕರೆಸಿದರು. ಶಂಶುದ್ದೀನರೇ ವಿಚಾರಣೆ ನಡೆಸಿದರು.

"ಈ ಪತ್ರ ಯಾರು ಕೊಟ್ರು?"

"ಹುಮನಾಬಾದಿನ ಡಾಕ್ಟ್ರು, ಸಾಹೇಬ್."

"ಅಲ್ಮಾಸಗ ಯಾವಾಗ ಫಿಟ್ಸ್ ಬಂದಿತ್ತು?"

ನಬೀಸಾಬ ಪತ್ರದಿಂದ ಕಣ್ಣು ತೆಗೆದು ನೆಲ ನೋಡಿದ.

"ಸೂಜಿ ಯಾಕ ಹಾಕಿಸಲಿಲ್ಲ?"

"ದೊಡ್ಡ ಮಗನಿಗೆ ಹಾಕಿಸಿದಾಗ ಎರಡು ದಿನ ಜ್ವರ ಬಂದು ಬಿದ್ದಿದ್ದ. ಆಕಿ ಅಮ್ಮೀ ಹೆದರಿದ್ಲು. ನಾನೂ ಹೆದರಿದೆ."

"ಜ್ವರಕ್ಕ ಹೆದರಿದಿ. ಗೊಬ್ಬರಕ್ಕ ಹೆದರಲಿಲ್ಲ?"

ನಬೀಸಾಬ ಟೋಪಿ ತೆಗೆದು ಮೊಳಕಾಲ ಮೇಲಿಟ್ಟುಕೊಂಡ. "ನನ್ನ ತಪ್ಪು ನನ್ನ ಮ್ಯಾಲೆ ಬರ್ಕೋರಿ. ಕೊಟ್ಟವ್ರ ಹೆಸರು ಕೇಳಬ್ಯಾಡ್ರಿ. ಅವ್ರು ನನ್ನಿಂದ ಒಂದು ಚಹಾ ಸುದ್ಧಾ ಕುಡಿಲಿಲ್ಲ. ಅಲ್ಮಾಸಳ ತಲಿ ಮ್ಯಾಲೆ ಕೈಯಿಟ್ಟು ಅತ್ತರು. ಅಂಥವ್ರ ಹೆಸರು ನನ್ನ ಬಾಯಾಗಿಂದ ಬರೂದಿಲ್ಲ."

ಎಷ್ಟು ಕೇಳಿದರೂ ಅವನು ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಉಳಿದ ಪಾಲಕರೂ ಹಾಗೆಯೇ. ಸುಳ್ಳು ಕಾಗದ ಮಾಡಿಕೊಟ್ಟವರನ್ನು ಪಡೆದವರೇ ಇಷ್ಟು ಕಾಪಾಡುವುದನ್ನು ಮಡೆಪ್ಪ ತಮ್ಮ ಮೂವತ್ತೈದು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ.

ಹೊರಗೆ ಹೋಗುವಾಗ ನಬೀಸಾಬ ಮಡೆಪ್ಪನವರ ಹತ್ತಿರ ನಿಂತ. "ಗೊಬ್ಬರ ಹೋಗಿ ಅಲ್ಮಾಸ್ ಈಗ ಆರಾಮ ಅದಾಳ, ಕಾಕಾ. ಪೂನಮ ಯಾವಾಗ ಬರ್ತಾಳಂತ ದಿನಾ ಕೇಳಾಕತ್ತಾಳ. ಇಬ್ರೂ ಒಂದೇ ಬೆಂಚ್."

ಜುಲೈ 21, ಸೋಮವಾರ, ಮಡೆಪ್ಪ ಮತ್ತು ಸರ್ವರಿ ಬಸ್ಸು ಹತ್ತಿ ಹುಮನಾಬಾದಿಗೆ ಹೋದರು. ಲೆಟರ್‌ಹೆಡ್ಡಿನ ವಿಳಾಸದಲ್ಲಿ ಮೊಬೈಲ್ ಅಂಗಡಿಯಿತ್ತು. ಪುರಸಭೆಗೆ ಹೋಗಿ ಮರಣ ನೋಂದಣಿಯ ನಕಲು ಪಡೆದರು. ಡಾ. ಹಣಮಶೆಟ್ಟಿ 2021ರ ನವೆಂಬರ್ 11ರಂದೇ ತೀರಿಕೊಂಡಿದ್ದರು. ಒಂಬತ್ತು ಪತ್ರಗಳಲ್ಲಿ ಎಲ್ಲಕ್ಕಿಂತ ಹಳೆಯದರ ತಾರೀಖು 2024ರ ಜೂನ್ 6.

"ಸತ್ತ ಡಾಕ್ಟ್ರು ಎದ್ದು ಬಂದು ಸಹಿ ಮಾಡ್ಯಾರ," ಎಂದಳು ಸರ್ವರಿ. "ನಮ್ಮ ಇಲಾಖೆದಾಗ ಬದುಕಿದ್ದವ್ರೇ ಫೈಲಿಗೆ ಸಹಿ ಮಾಡವಲ್ರು."

ಮೊಬೈಲ್ ಅಂಗಡಿಯ ಪಕ್ಕ ಒಂದು ಹಳೆಯ ಔಷಧಿ ಅಂಗಡಿಯಿತ್ತು. ಗಲ್ಲೆಯ ಹಿಂದೆ ಮಾರುತಿ ಎಂಬ ಐವತ್ತರ ಮನುಷ್ಯ. ಮಡೆಪ್ಪ ಪೀಠಿಕೆ ಹಾಕದೆ ಪತ್ರದ ನೆತ್ತಿಯನ್ನಷ್ಟೇ ತೋರಿಸಿದರು.

"ಇಂಥಾ ಗುರುತು ಎಲ್ಲಿಯಾದ್ರೂ ನೋಡೀರೇನು?"

ಮಾರುತಿ ಕನ್ನಡಕ ಏರಿಸಿಕೊಂಡು ನೋಡಿ ನಕ್ಕ. "ಎಲ್ಲಿಯಾದ್ರೂ ಏನ್ರಿ, ಇಪ್ಪತ್ತು ವರ್ಷ ದಿನಾ ನೋಡೀನಿ. ಹಣಮಶೆಟ್ಟಿ ಸಾಹೇಬ್ರ ಚೀಟಿ ಅಂದ್ರ ಭಂಡಾರದ ಚೀಟಿ. ಅವ್ರ ನರ್ಸಬಾಯಿ ಹಚ್ಚಿ ಕೊಡ್ತಿದ್ಲು. 'ಔಷಧ ಅರ್ಧ, ಮಲ್ಲಣ್ಣ ಅರ್ಧ' ಅಂತಿದ್ಲು. ಡಾಕ್ಟ್ರು ಬೈತಿದ್ರು, ಆಕಿ ಕೇಳ್ತಿದ್ದಿಲ್ಲ. ನನ್ನ ಗಲ್ಲೆ ಸೈತ ಹಳದಿ ಆಗಿತ್ತು."

"ಎಲ್ಲಿ ಅದಾಳ ಈಗ?"

"ಹಿಂದಿನ ಓಣ್ಯಾಗ ಒಂದು ಖೋಲಿ. ಸತ್ಯಮ್ಮಬಾಯಿ ಅಂತ. ಮೂಲ ಊರು ಬೇಮಳಖೇಡ." ಮಾತಾಡುತ್ತಲೇ ಅವನ ನಗು ಇಳಿಯಿತು. "ಯಾಕ್ರಿ? ಭಾಳ ಪುಣ್ಯವಂತಿ ರೀ ಆಕಿ. ಸುತ್ತ ಹಳ್ಳಿ ಮಕ್ಕಳಿಗೆಲ್ಲ ಸೂಜಿ ಹಾಕಿದ ಕೈ. ಮೊಮ್ಮಗ ಹೋದ ಮ್ಯಾಲೆ ಮಾತ್ರ ಒಬ್ಬಾಕೀನೇ ಆಗ್ಯಾಳ."

ಜುಲೈ 22, ಮಂಗಳವಾರ. ಶೋಧನಾ ವಾರಂಟಿನೊಂದಿಗೆ ಇನ್‌ಸ್ಪೆಕ್ಟರ್ ಶಂಶುದ್ದೀನ್, ಮಡೆಪ್ಪ, ಸರ್ವರಿ ಮತ್ತು ಇಬ್ಬರು ಪಂಚರು ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ ಆ ಖೋಲಿಯ ಮುಂದೆ ನಿಂತರು. ಬಾಗಿಲು ತೆರೆದೇ ಇತ್ತು. ಅರವತ್ತೈದು ದಾಟಿದ ಸತ್ಯಮ್ಮ ನೆಲದ ಮೇಲೆ ಕುಳಿತು ಮೆಂತ್ಯಪಲ್ಲೆ ಸೋಸುತ್ತಿದ್ದಳು. ಪೊಲೀಸರನ್ನು ಕಂಡು ಎದ್ದು ಸೆರಗು ಸರಿಮಾಡಿಕೊಂಡಳು.

"ಬರ್ರಿ. ಎಲ್ಲಾರಿಗೂ ಕೂಡಾಕ ಜಾಗ ಇಲ್ಲ. ಚಾಪಿ ಒಂದೇ ಅದ."

ಹುಡುಕುವ ಕಷ್ಟವೇ ಬೀಳಲಿಲ್ಲ. ಗೋಡೆಯ ಗೂಡಿನಲ್ಲಿ ಮಲ್ಲಣ್ಣನ ಪಟ, ಅದರ ಮುಂದೆ ಹಿತ್ತಾಳೆಯ ಭಂಡಾರದ ಬಟ್ಟಲು, ಬಟ್ಟಲಿನ ಪಕ್ಕ ದುಂಡನೆಯ ಮೊಹರು, ಮಸಿ ಆರಿದ ಪ್ಯಾಡು. ಪಟದ ಹಿಂದೆ ಲೆಟರ್‌ಹೆಡ್ಡಿನ ಅರ್ಧ ಪುಸ್ತಕ. ದೇವರ ಗೂಡಿನಲ್ಲಿ ಬಚ್ಚಿಟ್ಟದ್ದಲ್ಲ, ಇಟ್ಟದ್ದು. ಕೊನೆಗೆ ಒಂದು ಹಳೆಯ ತಾಯಿ ಕಾರ್ಡ್ ಸಿಕ್ಕಿತು. ಮಗುವಿನ ಹೆಸರು ಮಲ್ಲು. ದಡಾರದ ಲಸಿಕೆಯ ಸಾಲಿನಲ್ಲಿ 2016ರ ಮಾರ್ಚ್ 3 ಎಂದು ಬರೆದಿತ್ತು. ಆ ಸಾಲಿನ ಕೆಳಗೆ ಯಾವ ತಾರೀಖೂ ಇರಲಿಲ್ಲ.

"ಈ ಪತ್ರ ನೀವೇ ಬರೆದದ್ದೇನು?" ಎಂದು ಶಂಶುದ್ದೀನ್ ಕೇಳಿದರು.

"ನಾನೇ."

"ಸಹಿ?"

"ಅದೂ ನಾನೇ. ಇಪ್ಪತ್ತೇಳು ವರ್ಷ ಅವ್ರ ಸಹಿ ನೋಡೀನಲ್ಲ."

"ಎಷ್ಟು ತಗೊಂಡ್ರಿ?"

ಅವಳು ಇನ್‌ಸ್ಪೆಕ್ಟರರನ್ನು ನೇರವಾಗಿ ನೋಡಿದಳು. "ಮಕ್ಕಳ ಕಾಗದಕ್ಕ ಯಾರರ ರೊಕ್ಕ ತಗೋತಾರೇನ್ರಿ?"

"ಮತ್ಯಾಕ ಮಾಡಿದ್ರಿ?"

ಸತ್ಯಮ್ಮ ತಾಯಿ ಕಾರ್ಡಿನ ಕಡೆ ಕೈ ಚಾಚಿ, ಅದು ಪಂಚರ ಕೈಯಲ್ಲಿರುವುದನ್ನು ಕಂಡು ಕೈ ಹಿಂದಕ್ಕೆ ತೆಗೆದುಕೊಂಡಳು. "ಮಲ್ಲು ನನ್ನ ಮಗಳ ಮಗ. ಒಂದೂವರಿ ವರ್ಷ. ಈ ಕೈಲೇ ಸೂಜಿ ಹಾಕಿದೆ. ಮರುದಿನ ಜ್ವರ, ಸಂಜಿಕ ಫಿಟ್ಸ್. ಮೂರನೇ ದಿನ ಕಲಬುರಗಿ ದವಾಖಾನಿದಾಗ ಹೋದ. ತನಿಖೆ ಆತು. ಮೆದುಳ ಜ್ವರ ಮೊದಲೇ ಇತ್ತು, ಸೂಜಿಯಿಂದ ಅಲ್ಲಂತ ದೊಡ್ಡ ಡಾಕ್ಟ್ರು ಬರ್ದು ಕೊಟ್ರು. ನಮ್ಮ ಸಾಹೇಬ್ರೂ ಅದನ್ನೇ ಹೇಳಿದ್ರು. ಕಾಗದ ಹೇಳಿತ್ರಿ, ನನ್ನ ಕೈ ಕೇಳಲಿಲ್ಲ. ಅವತ್ತಿಂದ ಸೂಜಿ ಹಿಡಿದಿಲ್ಲ. ಮಗಳು ಸೊಲ್ಲಾಪುರಕ್ಕ ಹೋದಾಕಿ ಒಂಬತ್ತು ವರ್ಷ ಆತು, ನನ್ನ ಸಂಗಾಟ ಮಾತಾಡಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡು ಮುಂದುವರಿಸಿದಳು: "ಹೆದರಿದ ತಾಯಂದಿರು ಬಂದು ಅಳ್ತಿದ್ರು. ಸಾಲಿಯವ್ರು ಸೂಜಿ ಇಲ್ಲದ ಸೇರಿಸೂದಿಲ್ಲ ಅಂತಾರಂತ. ಮಲ್ಲುನ ತಾಯಿ ಹಿಂಗ ಹೆದರಿ ನನ್ನ ಕೈ ಹಿಡಿದು ತಡೆದಿದ್ರ ಅಂತ ಅನಿಸ್ತಿತ್ತು. ಬರ್ದು ಕೊಟ್ಟೆ. ಆ ಮಕ್ಕಳು ಆರಾಮ ಅದಾವಲ್ಲ?"

ಶಂಶುದ್ದೀನ್ ಬಾಗಿಲ ಕಡೆ ತಿರುಗಿದರು. ಹೇಳಬೇಕಾದ ಮಾತು ಮಡೆಪ್ಪನವರ ಪಾಲಿಗೆ ಬಂತು. ಅವರು ಚಾಪೆಯ ಅಂಚಿನಲ್ಲಿ ಕುಳಿತರು.

"ಆ ಒಂಬತ್ತೂ ಆರಾಮ ಅದಾವ, ಸತ್ಯಮ್ಮ. ಮೂವರಿಗೆ ಗೊಬ್ಬರ ಎದ್ದಿತ್ತು, ಬಾಡಿತು. ಅವ್ರ ಕ್ಲಾಸಿನಾಗ ಇನ್ನೊಂದು ಕೂಸು ಇತ್ತು. ಪೂನಮ. ರಕ್ತದ ಕ್ಯಾನ್ಸರ್. ಆಕಿಗೆ ಖರೇನೇ ಸೂಜಿ ಕೊಡೂ ಹಂಗ ಇರಲಿಲ್ಲ. ಉಳಿದವ್ರ ಸೂಜಿನೇ ಆಕಿಗೆ ಗೋಡಿ. ಆಕಿ ಸಲುವಾಗಿನೇ ಸಾಲಿಯವ್ರು ಆ ನಿಯಮ ಮಾಡಿದ್ರು."

"ಎಷ್ಟು ವರ್ಷ?"

"ಆರು."

ಸತ್ಯಮ್ಮ ಮೆಂತ್ಯಪಲ್ಲೆಯ ಮುಂದೆ ಕುಳಿತು ಒಂದು ಹಿಡಿ ಕೈಗೆತ್ತಿಕೊಂಡಳು. ಹಿಡಿಯಲ್ಲಿದ್ದ ಕಡ್ಡಿಗಳು ಒಂದೊಂದಾಗಿ ನೆಲಕ್ಕೆ ಬಿದ್ದವು. ಆಮೇಲೆ ಅವಳು ಎದ್ದು, ಗೂಡಿನ ಮುಂದೆ ನಿಂತು, ಭಂಡಾರದ ಬಟ್ಟಲನ್ನು ತಾನೇ ತೆಗೆದು ಸರ್ವರಿಯ ಕೈಗೆ ಕೊಟ್ಟಳು.

"ಬರ್ಕೋರಿ," ಎಂದಳು ಮಡೆಪ್ಪನವರಿಗೆ. "ನಿಮ್ಮ ಹತ್ರ ಒಂಬತ್ತು ಅವ. ನಾ ಕೊಟ್ಟದ್ದು ಹನ್ನೆರಡು. ಚಿಟಗುಪ್ಪದಾಗ ಇನ್ನೊಂದು ಸಾಲಿಗೆ ಮೂರು ಕೊಟ್ಟೀನಿ. ಇಬ್ರು ಅಕ್ಕ ತಂಗಿ, ಫೈಜಲ ಅಂತ ಒಬ್ಬ ಹುಡುಗ. ಇವತ್ತೇ ಹೋಗಿ ಅವ್ರಿಗೆ ಸೂಜಿ ಹಾಕಸ್ರಿ. ನನ್ನ ಹೆಸರು ಹೇಳ್ರಿ, ಸತ್ಯಮ್ಮನೇ ಹೇಳ್ಯಾಳಂತ ಹೇಳ್ರಿ. ಇಲ್ಲಂದ್ರ ಹೆದರ್ತಾರ."

ತನ್ನ ಮೇಲಿನ ಆರೋಪಕ್ಕೆ ತಾನೇ ಮೂರು ಕಾಗದ ಕೂಡಿಸಿದಳು. ಮಡೆಪ್ಪ ಬರೆದುಕೊಂಡರು.

ಮಧ್ಯಾಹ್ನ 12 ಗಂಟೆ 15 ನಿಮಿಷಕ್ಕೆ ಸರ್ವರಿಯ ಸಮಕ್ಷಮ ಸತ್ಯಮ್ಮನನ್ನು ಬಂಧಿಸಲಾಯಿತು. ಬಂಧನದ ಸುದ್ದಿಯನ್ನು ಸಂಬಂಧಿಕರಿಗೆ ತಿಳಿಸುವುದು ಕಾನೂನು. ಸತ್ಯಮ್ಮ ಸೊಲ್ಲಾಪುರದ ನಂಬರನ್ನು ಬಾಯಿಪಾಠ ಹೇಳಿದಳು. ಮಡೆಪ್ಪ ಓಣಿಗೆ ಬಂದು ಫೋನು ಮಾಡಿ, ಅಪರಾಧ ಸಂಖ್ಯೆ, ಕಲಂಗಳು, ಹಾಜರುಪಡಿಸುವ ನ್ಯಾಯಾಲಯ ಎಲ್ಲವನ್ನೂ ಹೇಳಿದರು. ಆ ಕಡೆಯಿಂದ ಮಗಳ ದನಿ ಕೇಳಿತು.

"ಅವ್ವ ಉಂಡಾಳೇನ್ರಿ?"

"ಇನ್ನೂ ಇಲ್ಲವ್ವ."

"ಉಣ್ಣಿಸ್ರಿ. ನಾ ಮುಂಜಾನಿ ಗಾಡಿಗೆ ಬರ್ತೀನಿ."

ಮಡೆಪ್ಪ ಒಳಗೆ ಬಂದು ಅಷ್ಟನ್ನೇ ಹೇಳಿದರು. ಸತ್ಯಮ್ಮ ಗೋಡೆಗೆ ಒರಗಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಳು. ಜೀಪು ಹತ್ತುವ ಮೊದಲು ಖೋಲಿಗೆ ಬೀಗ ಹಾಕಿ, ಕೀಲಿಯನ್ನು ಮಾರುತಿಯ ಕೈಗೆ ಕೊಟ್ಟಳು.

ಅದೇ ದಿನ ಸಂಜೆಯೊಳಗೆ ಚಿಟಗುಪ್ಪದ ಮೂರು ಮಕ್ಕಳಿಗೂ, ಅದೇ ವಾರ ಬಸವಕಲ್ಯಾಣದ ಆ ಮಕ್ಕಳಿಗೂ ಲಸಿಕೆ ಹಾಕಿದ್ದಾಗಿ ಆರೋಗ್ಯ ಇಲಾಖೆಯ ವರದಿ ಬಂತು. ಸುಳ್ಳು ಪತ್ರ ಬಳಸಿದ ಪಾಲಕರಿಗೆಲ್ಲ ನೋಟಿಸು ಹೋಯಿತು. ಮೊಹರು, ಲೆಟರ್‌ಹೆಡ್, ಭಂಡಾರದ ಬಟ್ಟಲು ಸೀಲಾಗಿ ಪ್ರಯೋಗಾಲಯಕ್ಕೆ ಹೋದವು. ಕಾನೂನಿನ ಕೆಲಸ ಅಲ್ಲಿಗೆ ಒಂದು ದಾರಿ ಹಿಡಿಯಿತು. ಅಂಬರೀಷ ಕೇಳಿದ್ದು ಮಾತ್ರ ಉಳಿದಿತ್ತು.

ಮಡೆಪ್ಪ ಆರೋಗ್ಯ ಇಲಾಖೆಯ ವರದಿಯ ನಕಲು ತೆಗೆದುಕೊಂಡು ಅವನ ಮನೆಗೆ ಹೋದರು. ಅಂಗಳದಲ್ಲಿ ಒಂದು ಪುಟ್ಟ ಚಪ್ಪಲಿ ಜೋಡಿ ಬಿಸಿಲಿಗೆ ಬಣ್ಣ ಕಳೆದುಕೊಂಡು ಬಿದ್ದಿತ್ತು. ದ್ರೌಪತಿ ವರದಿಯನ್ನು ಓದಿಸಿ ಕೇಳಿದಳು. ಕಾಗದವನ್ನು ಕೈಗೆ ತೆಗೆದುಕೊಳ್ಳಲಿಲ್ಲ.

"ಇದು ನನ್ನ ಪೆಟ್ಟಿಗ್ಯಾಗ ಇದ್ರ ಯಾರಿಗೆ ಗೊತ್ತಾಗ್ತದ ಮಾವಾ? ಸಾಲ್ಯಾಗ ಹೇಳ್ರಿ. ಪ್ರಾರ್ಥನಾದಾಗ. ಅವತ್ತು ನನ್ನ ಮಗಳ ಸುದ್ದಿ ಬಂತಂತ ಅರ್ಧಕ್ಕ ಬಿಟ್ರಂತಲ್ಲ, ಅಲ್ಲಿಂದ ಹೇಳ್ರಿ."

ಜುಲೈ 28, ಸೋಮವಾರ, ಬೆಳಿಗ್ಗೆ 9 ಗಂಟೆ. ಶಾಲೆಯ ಅಂಗಳದಲ್ಲಿ ಮಕ್ಕಳು ಸಾಲಾಗಿ ನಿಂತಿದ್ದರು. ಕಟ್ಟೆಯ ಆಚೆ ಪಾಲಕರು ನಿಂತಿದ್ದರು, ನಳದ ಓಣಿಯ ಹೆಂಗಸರೂ ಬಂದಿದ್ದರು. ಮಲಿಕಾ ಮೈಕು ಹಿಡಿದು, ಬೇನೆ ಪೂನಮ ತಂದದ್ದಲ್ಲ, ಅವಳಿಗೆ ಉಳಿದವರಿಂದ ಬಂದದ್ದು, ಕಾಗದಗಳನ್ನು ನೋಡಬೇಕಾದ ತಾನು ನೋಡಲಿಲ್ಲ ಎಂದು ಹೇಳಿದರು. ನಬೀಸಾಬ ಮಗಳ ಕೈ ಹಿಡಿದು ಅಂಬರೀಷನ ಮುಂದೆ ಬಂದು ನಿಂತ. ಅಂಬರೀಷ ಬಗ್ಗಿ ಅಲ್ಮಾಸಳ ತಲೆ ಮುಟ್ಟಿದ.

ಅಲ್ಮಾಸ್ ಸಾಲಿಗೆ ಹೋಗಿ ನಿಂತಳು. ತನ್ನ ಪಕ್ಕದಲ್ಲಿ ಒಬ್ಬರಷ್ಟು ಜಾಗ ಬಿಟ್ಟಳು. ಬಿಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಮಕ್ಕಳು ಹದಿನಾಲ್ಕು ದಿನದ ಹಿಂದೆ ಬಿಟ್ಟಲ್ಲಿಂದ ಪ್ರಾರ್ಥನೆ ಹೇಳಿ ಮುಗಿಸಿದರು. ಮಡೆಪ್ಪ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಕಣ್ಣು ಮುಚ್ಚಿದರು. ಹೆಂಡತಿ ಹೋದ ಮೇಲೆ ಪೂಜೆಯಲ್ಲಿ ಅವರು ಏನನ್ನೂ ಬೇಡಿರಲಿಲ್ಲ, ಕೂಡುತ್ತಿದ್ದರು, ಏಳುತ್ತಿದ್ದರು. ಈ ಹೊತ್ತು ಎದೆಯ ಮೇಲಿನ ಲಿಂಗದ ಮೇಲೆ ಅಂಗೈ ಇಟ್ಟು ಬೇಡಿದರು:

ಶಿವನೇ, ಈ ಕೂಸು ಭೂಮಿಯ ಮೇಲೆ ಇದ್ದದ್ದು ಆರೇ ವರ್ಷ. ಅದರಲ್ಲಿ ಎರಡು ವರ್ಷ ಸೂಜಿ, ದವಾಖಾನೆ. ಇನ್ನು ಅವಳಿಗೆ ನೋವು ಬೇಡ. ಅಲ್ಲಿ ಮಲ್ಲು ಎಂಬ ಹುಡುಗನಿದ್ದಾನೆ, ನನ್ನ ಮನೆಯವಳಿದ್ದಾಳೆ. ಈ ಕೂಸು ಒಂಟಿ ಆಗದ ಹಾಗೆ ನೋಡಿಕೋ. ಪೂನಮಳ ಜೀವಕ್ಕೆ ಶಾಂತಿ ಕೊಡು.